ಸೆರೆಯಲ್ಲಿದ್ದ ಪೂರ್ವಜರು: ಕಲ್ಲು ನಿಲ್ಲದವರ ವಂಶಾವಳಿ

ಸೊರಬ ತಾಲ್ಲೂಕಿನ ಕುಬಟೂರಿಗೆ ಹೋದವರು ಅಲ್ಲಿಯ ಕೈಟಭೇಶ್ವರ ದೇವಾಲಯವನ್ನು ನೋಡದೆ ಮರಳುವುದಿಲ್ಲ. ಆದರೆ ಆ ಸೀಮೆಯ ಜನರ ಇತಿಹಾಸವನ್ನು ಅರಿಯಬಯಸುವವರು ಸೊರಬ-ಶಿಕಾರಿಪುರಗಳ ಊರೂರಿನ ವೀರಗಲ್ಲುಗಳ ಮುಂದೆಯೂ ನಿಲ್ಲಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೈವಸನ್ನಿಧಿ. ತುರುಗಳನ್ನು ಮರಳಿಸಿ, ಹೆಂಗಳೆಯರ ಸೆರೆ ಬಿಡಿಸಿ ಮಡಿದವನಿಗೆ ಕಲ್ಲು ನಿಂತಿತು. ಸೋತು ಸೆರೆಯಾಗಿ, ಸೆರೆಯಲ್ಲಿಯೇ ಬದುಕುಳಿದವನಿಗೆ ಕಲ್ಲಿಲ್ಲ. ಪೂರ್ವಜರನ್ನು ಅರಸಹೊರಟ ನಮಗೆ ತೊಡಕು ಆರಂಭವಾಗುವುದು ಇಲ್ಲಿಯೇ.

ಈ ಸೀಮೆ ಕೆಳದಿ ಅರಸರ ಬಿದನೂರು ರಾಜ್ಯಕ್ಕೆ ಸೇರಿದ್ದು, 1763ರಲ್ಲಿ ಹೈದರಾಲಿಯ ವಶವಾಯಿತು. 1783ರ ಜನವರಿಯಲ್ಲಿ ಆಂಗ್ಲ ಸೇನಾನಿ ಮ್ಯಾಥ್ಯೂಸ್ ಬಿದನೂರನ್ನು ಹಿಡಿದನು. ಏಪ್ರಿಲ್ ಕೊನೆಗೆ ಟಿಪ್ಪು ಅದನ್ನು ಮರಳಿ ಪಡೆದನು. ಸೆರೆಸಿಕ್ಕ ಮ್ಯಾಥ್ಯೂಸ್ ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಸತ್ತನು. ಈ ಯುದ್ಧದಲ್ಲಿ ಆಂಗ್ಲರಿಗೆ ನೆರವಾದರೆಂಬ ಆರೋಪ ಕರಾವಳಿಯ ಕ್ರೈಸ್ತರ ಮೇಲೆ ಬಂದಿತು. 1784ರ ವಿಭೂತಿ ಬುಧವಾರವನ್ನು ಅವರ ಬಂಧನದ ದಿನವೆಂದು ಪರಂಪರೆ ನೆನೆಯುತ್ತದೆ. ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರು ಸುಮಾರು 60,000 ಎಂಬುದು ರೂಢಿಯ ಲೆಕ್ಕ. 30,000ದಿಂದ 80,000ದವರೆಗೆ ಬೇರೆ ಎಣಿಕೆಗಳೂ ಉಂಟು. ಅವರಲ್ಲಿ ಅನೇಕ ಯುವಕರಿಗೆ ಮತವನ್ನೂ ಹೆಸರನ್ನೂ ಬದಲಿಸಿ, ಚೇಲಾ ಪಡೆಗಳಿಗೆ ಸೇರಿಸಲಾಯಿತು. ಸೆರೆಯಾಳೇ ಸೆರೆಹಿಡಿದವನ ಸಿಪಾಯಿಯಾದನು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯ ಬಾಗಿಲು ತೆರೆಯಿತು. ಅದೇ ಬಾಗಿಲಿನಿಂದ ಹೊರಬಂದವನು ಧೋಂಡಿಯಾ ವಾಘ್. ಅವನೂ ಸೆರೆಯಲ್ಲಿ ಮತಾಂತರಗೊಂಡವನೇ. ಬಿದನೂರು ಸೀಮೆಗೆ ಬಂದು, ಶಿಕಾರಿಪುರವನ್ನೂ ಹಿಡಿದು, ಆಂಗ್ಲರೊಡನೆ ಕಾದಾಡಿ, 1800ರ ಸೆಪ್ಟೆಂಬರಿನಲ್ಲಿ ಮಡಿದನು. ಅವನ ಹೆಸರು ಉಳಿಯಿತು. ಕಾದಾಡದೆ ಮನೆಯ ದಾರಿ ಹಿಡಿದ ಕ್ರೈಸ್ತ ಸಿಪಾಯಿಗಳ ಹೆಸರುಗಳನ್ನು ಚರಿತ್ರೆ ಕೇಳಲಿಲ್ಲ.

ಅವರನ್ನು ಬರಮಾಡಿಕೊಂಡವರು ಯಾರು? ಮೈಸೂರು ಸೀಮೆಯಲ್ಲಿ ದೊಡ್ಡಸ್ವಾಮಿಯವರೆಂದೇ ಹೆಸರಾದ ಫ್ರೆಂಚ್ ಗುರು ಅಬ್ಬೆ ದುಬುವಾ, ಶ್ರೀರಂಗಪಟ್ಟಣಕ್ಕೆ ಬಂದು ಸುಮಾರು 1,800 ಮಂದಿಯನ್ನು ಧರ್ಮಸಭೆಯೊಂದಿಗೆ ಸಂಧಾನಗೊಳಿಸಿದರೆಂದು ಹೇಳಲಾಗುತ್ತದೆ. ಇದೇ ದುಬುವಾ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಅಷ್ಟು ಸಾವಿರ ಜನರಲ್ಲಿ ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬರಿಗೂ ಇರಲಿಲ್ಲವೆಂದು ಕಟುವಾಗಿ ಬರೆದರು. ಅವರ ಲೇಖನಿ ವೀರಗಲ್ಲಿನ ಅಳತೆಗೋಲನ್ನು ಹಿಡಿಯಿತು. ಅವರ ಕೈ ಮಾತ್ರ ಸಂಧಾನದ ಸಂಸ್ಕಾರವನ್ನು ನೀಡಿತು. ಗುರುವಾದವನು ಯಾವುದರಿಂದ ನೆನೆಯಲ್ಪಡಬೇಕು ಎಂಬುದನ್ನು ನಾವು ಯೋಚಿಸಬೇಕು.

ಧರ್ಮಸಭೆಗೆ ಈ ಪ್ರಶ್ನೆ ಹೊಸದಲ್ಲ. ದೇಸಿಯಸ್ ಚಕ್ರವರ್ತಿಯ ಹಿಂಸೆಯಲ್ಲಿ ವಿಶ್ವಾಸದಿಂದ ಜಾರಿದವರ ವಿಚಾರವಾಗಿ 251ರಲ್ಲಿ ಕಾರ್ಥೇಜಿನಲ್ಲಿ ಸಂತ ಸಿಪ್ರಿಯನ್ನರೂ ಇತರ ಧರ್ಮಾಧ್ಯಕ್ಷರೂ ಕೂಡಿ ಚರ್ಚಿಸಿದರು. ಪಶ್ಚಾತ್ತಾಪಪಟ್ಟವರಿಗೆ ಬಾಗಿಲು ಮುಚ್ಚಬಾರದೆಂದು ತೀರ್ಮಾನಿಸಿದರು. ಅದಕ್ಕೂ ಮೊದಲು ಸಂತ ಮತ್ತಾಯನು ಪ್ರಭುವಿನ ವಂಶಾವಳಿಯನ್ನು ಬರೆಯುವಾಗ ಬಾಬಿಲೋನಿನ ಸೆರೆಯನ್ನು ಮರೆಮಾಚಲಿಲ್ಲ. ಹದಿನಾಲ್ಕು ಹದಿನಾಲ್ಕು ತಲೆಮಾರುಗಳ ಎಣಿಕೆಗೆ ಅದನ್ನೇ ಮೈಲಿಗಲ್ಲಾಗಿ ನಿಲ್ಲಿಸಿದನು. ಅಲ್ಲಿ ಹೆಸರಿಸಲ್ಪಟ್ಟ ಯೆಕೊನ್ಯನು 37ನೆಯ ವರ್ಷದಲ್ಲಿ ಸೆರೆಮನೆಯಿಂದ ಬಿಡುಗಡೆ ಹೊಂದಿ, ಜೀವಮಾನವಿಡೀ ಶತ್ರುರಾಜನ ಪಂಕ್ತಿಯಲ್ಲಿಯೇ ಉಂಡವನು. ಸೆರೆಹಿಡಿದವನ ಅನ್ನ ಉಂಡವನೂ ಪ್ರಭುವಿನ ಪೂರ್ವಜನೇ.

ಆದುದರಿಂದ ಮನೆತನದ ಮೂಲವನ್ನು ಹುಡುಕುತ್ತ ಧರ್ಮಕೇಂದ್ರಕ್ಕೆ ಬರುವವರಿಗೆ ನಾವು ರಕ್ತಸಾಕ್ಷಿಗಳನ್ನಷ್ಟೇ ತೋರಿಸಿದರೆ ಸಾಲದು. ಹೆಸರು ಬದಲಾದವರು, ಶತ್ರುವಿನ ಸಮವಸ್ತ್ರ ತೊಟ್ಟವರು, ಮರಳಿ ಬಾರದೆ ಅಲ್ಲಿಯೇ ಬೇರೂರಿದವರು, ಇವರೆಲ್ಲ ವಂಶಾವಳಿಯೊಳಗಿನವರು. ಹೀಗೆ ಮರಳದೆ ಉಳಿದವರ ಸಂತತಿ ಇಂದು ನೆರೆಯ ಮಸೀದಿಯಲ್ಲಿ ಪ್ರಾರ್ಥಿಸುತ್ತಿರಬಹುದು. ಅವರೂ ನಮಗೆ ದಾಯಾದಿಗಳು. ಹಳೆಯ ಸೆರೆಯ ನೆನಪನ್ನು ಇಂದಿನ ದ್ವೇಷಕ್ಕೆ ಸೌದೆಯಾಗಿ ಒಡ್ಡುವವರಿಗೆ ಈ ರಕ್ತಸಂಬಂಧವೇ ಉತ್ತರ. ಕಲ್ಲು ನಿಲ್ಲದವರನ್ನು ಬಲಿಪೂಜೆಯಲ್ಲಿ ಮೃತರ ಸ್ಮರಣೆಯ ವೇಳೆ ಮೌನವಾಗಿಯಾದರೂ ನೆನೆಯೋಣ. ನಾವು ಅರಿಯದ ಅವರ ಹೆಸರುಗಳನ್ನು ದೇವರು ಅರಿತಿದ್ದಾರೆ.