ಬಾಗುವ ಎಲೆಕ್ಟ್ರೋಡ್‌ಗಳು ಮತ್ತು ಮಿದುಳಿನ ದೀರ್ಘಕಾಲದ ದಾಖಲೆ: ವಿನ್ಯಾಸದ ಪ್ರಶ್ನೆಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ‘ಫಿಟ್ಸ್’ ಬರುವವರಿಗೆ ಪರಿಣತ ನರರೋಗ ಚಿಕಿತ್ಸೆ ಬೇಕೆಂದರೆ ಬೆಳಗಾವಿ, ಧಾರವಾಡ ಇಲ್ಲವೇ ಹುಬ್ಬಳ್ಳಿಯ ಬಸ್ಸು ಹತ್ತಬೇಕು. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಜನರನ್ನು ಕುರಿತು ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಸಮೀಕ್ಷೆ ಸಾವಿರಕ್ಕೆ 8.8 ಮಂದಿಯಲ್ಲಿ ಅಪಸ್ಮಾರ ಗುರುತಿಸಿತು. ಹಳ್ಳಿಗಳಲ್ಲಿ ಅದರ ಪ್ರಮಾಣ ನಗರದ ಸುಮಾರು ಎರಡು ಪಟ್ಟು. ರೋಗಿಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗದವರಿಗೆ ಮಾತ್ರೆಗಳಿಂದ ಸೆಳೆತ ನಿಲ್ಲುವುದಿಲ್ಲ. ಇವರಲ್ಲಿ ಕೆಲವರಿಗೆ ಸೆಳೆತದ ಮೂಲ ಹುಡುಕಲು ತಲೆಬುರುಡೆಯೊಳಗೆ ಎಲೆಕ್ಟ್ರೋಡ್ ಇಡುತ್ತಾರೆ, ಅದೂ ಕೆಲವು ದಿನ ಅಥವಾ ವಾರಗಳ ಮಟ್ಟಿಗೆ. ಅಪರೂಪಕ್ಕೆ ಸೆಳೆತ ಬರುವವರಲ್ಲಿ ಇಷ್ಟು ಕಾಲ ಸಾಲದು.

ಹೆಚ್ಚು ಕಾಲ ಇಡಲು ಒಂದು ಅಡ್ಡಿ ಬಿಗುವಿನದು. ಎಲೆಕ್ಟ್ರೋಡ್ ಸೂಜಿಗೆ ಬಳಸುವ ಸಿಲಿಕಾನಿನ ಬಿಗುವು ನೂರೈವತ್ತು ಗಿಗಾಪಾಸ್ಕಲ್‌ನ ಆಸುಪಾಸು, ಮಿದುಳಿನದು ಕೆಲವೇ ಕಿಲೋಪಾಸ್ಕಲ್. ಅಂತರ ಕೋಟಿ ಪಟ್ಟುಗಳಲ್ಲಿ. ಉಸಿರಿಗೂ ನಾಡಿಗೂ ಮಿದುಳು ಅಲುಗುತ್ತದೆ, ಸೂಜಿ ಅಲುಗುವುದಿಲ್ಲ. ಉಜ್ಜಿದ ಜಾಗದಲ್ಲಿ ಮೈಕ್ರೋಗ್ಲಿಯಾ, ಆಸ್ಟ್ರೋಸೈಟ್ ಕೋಶಗಳು ಕವಿದು ಕಲೆಗಟ್ಟುತ್ತವೆ. ಒಂಟಿ ನರಕೋಶದ ಸಂಕೇತ ಸಿಗುವುದು ಸುಮಾರು ನೂರು ಮೈಕ್ರೋಮೀಟರಿನೊಳಗೆ ಮಾತ್ರವಾದ್ದರಿಂದ ಆ ಕಲೆಯೇ ದಾಖಲೆಯನ್ನು ಮಸುಕಾಗಿಸುತ್ತದೆ.

ಸಿಲಿಕಾನಿನ ಬದಲು ಪಾಲಿಇಮೈಡ್ ಎಂಬ ಬಾಗುವ ಪ್ಲಾಸ್ಟಿಕ್ ಬಳಸಿದರೆ ಸಮಸ್ಯೆ ತೀರಿತೆಂಬ ಮಾತನ್ನು ನಾನು ಒಪ್ಪಲಾರೆ. ಅದೂ ಮಿದುಳಿಗಿಂತ ಲಕ್ಷಾಂತರ ಪಟ್ಟು ಬಿಗಿ. ನಿರ್ಣಾಯಕವಾದದ್ದು ದಪ್ಪ: ಬಾಗುವಿಕೆಗೆ ಒಡ್ಡುವ ತಡೆ ದಪ್ಪದ ಘನಕ್ಕೆ ಅನುಗುಣ. ದಪ್ಪ ಹತ್ತನೇ ಒಂದಾದರೆ ತಡೆ ಸಾವಿರದಲ್ಲೊಂದು. 2010ರಲ್ಲಿ ಸಂಶೋಧಕರಾದ ಜಾನ್ ರೋಜರ್ಸ್, ಬ್ರಯಾನ್ ಲಿಟ್ ಮತ್ತಿತರರು ಇದನ್ನು ಬೆಕ್ಕಿನ ಮಿದುಳಿನ ಮೇಲೆ ತೋರಿಸಿದರು. 76 ಮೈಕ್ರೋಮೀಟರ್ ದಪ್ಪದ ಹಾಳೆಗಿಂತ 2.5 ಮೈಕ್ರೋಮೀಟರಿನ ಜಾಲರಿ ಮಡಿಕೆಗಳಿಗೆ ಚೆನ್ನಾಗಿ ಅಂಟಿ ಉತ್ತಮ ಸಂಕೇತ ಕೊಟ್ಟಿತು. ಅಷ್ಟು ತೆಳುವಾದದ್ದನ್ನು ಕೈಯಲ್ಲಿ ಹಿಡಿಯಲು ಆಧಾರವಾದದ್ದು ರೇಷ್ಮೆಯ ಪ್ರೋಟೀನ್ ಆದ ಫೈಬ್ರೋಯಿನ್. ಒದ್ದೆಯಾದಾಗ ಅದು ಕರಗಿಹೋಯಿತು. ದೇಶದಲ್ಲೇ ಅತಿ ಹೆಚ್ಚು ಹಿಪ್ಪುನೇರಳೆ ರೇಷ್ಮೆ ಬೆಳೆಯುವ ಕರ್ನಾಟಕದ ಪ್ರಯೋಗಾಲಯಗಳು ಈ ದಾರಿಯನ್ನು ಗಂಭೀರವಾಗಿ ಹಿಡಿಯಬೇಕು.

ಈ ಜಾಲರಿಯದು ಮಿದುಳಿನ ಮೇಲ್ಮೈಯ ಮಾತು. ಆಳಕ್ಕಾದರೆ ತೆಳು ಎಳೆ ತಾನಾಗಿ ಚುಚ್ಚದು. ಗಟ್ಟಿ ಸೂಜಿ ಅದನ್ನು ಒಯ್ದು ಬಿಟ್ಟು ಹಿಂದೆ ಬರಬೇಕು. ಮಿದುಳಿನಲ್ಲಿ ಇಂಥ ಎಳೆಗಳನ್ನು ನೆಡುವ ನ್ಯೂರಾಲಿಂಕ್ ಕಂಪನಿ ಅನುಸರಿಸುವುದು ಇದನ್ನೇ. 2024ರಲ್ಲಿ ಅದರ ಮೊದಲ ರೋಗಿಯಲ್ಲಿ ಹಲವು ಎಳೆಗಳು ಮಿದುಳಿನಿಂದ ಹಿಂದೆ ಸರಿದವು. ಜೊತೆಗೆ ತೆಳು ಪದರದ ಮೂಲಕ ತೇವ ಇಳಿದರೆ ಸಂಕೇತ ಒಯ್ಯುವ ಲೋಹದ ದಾರಿ ಕೆಡುತ್ತದೆ.

ಹಾಗಾಗಿ ಬಾಗುವಿಕೆಯೊಂದನ್ನೇ ಅಳತೆಗೋಲಾಗಿಸುವುದು ಸರಿಯಲ್ಲ. ಎಳೆ ನೆಟ್ಟಲ್ಲೇ ನಿಲ್ಲುವುದು, ಹೊದಿಕೆ ತೇವ ತಡೆಯುವುದು, ಕೆಟ್ಟಾಗ ಗಾಯವಿಲ್ಲದೆ ತೆಗೆಯಲಾಗುವುದು, ರಾಮದುರ್ಗದ ರೋಗಿಯ ದಾಖಲೆಯನ್ನು ಧಾರವಾಡದ ವೈದ್ಯರು ದೂರದಿಂದಲೇ ಓದಲಾಗುವುದು: ಇವೆಲ್ಲ ವಿನ್ಯಾಸದ ಮೊದಲ ಹಾಳೆಯಲ್ಲೇ ಇರಬೇಕು.