ಲಕ್ಷದ್ವೀಪದ ಹವಳದಿಬ್ಬದ ಮೀನುಗಳು

ಅರಬ್ಬಿ ಸಮುದ್ರದ ಲಕ್ಷದ್ವೀಪ ಸಮೂಹದ ಸುತ್ತಲಿನ ಹವಳದಿಬ್ಬಗಳನ್ನು ಆಶ್ರಯಿಸಿ ಬದುಕುವ ಮೀನುಗಳು. ಈ ದ್ವೀಪಗಳ ಒಟ್ಟು ನೆಲ ಸುಮಾರು 32 ಚ.ಕಿ.ಮೀ.; ದಿಬ್ಬಗಳು ಬಳಸಿಕೊಂಡಿರುವ ಲಗೂನುಗಳ ವಿಸ್ತೀರ್ಣ ಸುಮಾರು 4,200 ಚ.ಕಿ.ಮೀ. ಕಡಮತ್, ಬಿತ್ರಾ ಮೊದಲಾದ ಅಮಿನಿದಿವಿ ದ್ವೀಪಗಳ ಆಡಳಿತ 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು.

ಕಡಲಿನ ಬಿಸಿ

ಹವಳದ ಜೀವಿಗಳ ಒಡಲಲ್ಲಿ ಸೂಕ್ಷ್ಮ ಪಾಚಿಗಳು ನೆಲೆಸಿ, ಆಹಾರವನ್ನೂ ಬಣ್ಣವನ್ನೂ ಕೊಡುತ್ತವೆ. ನೀರಿನ ಉಷ್ಣತೆ ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಿ ಕೆಲವು ವಾರ ಹಾಗೆಯೇ ಉಳಿದರೆ ಹವಳವು ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ತಗ್ಗದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಹಾಗೂ 2024ರಲ್ಲಿ ವ್ಯಾಪಕವಾಗಿ ಹೀಗಾಯಿತು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ ನಡೆದ ದೀರ್ಘಕಾಲದ ಅಧ್ಯಯನದ ಪ್ರಕಾರ, 1998ರಲ್ಲಿ ಸುಮಾರು ಶೇ. 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ. 20ಕ್ಕಿಂತ ಕೆಳಗಿಳಿದಿತ್ತು.

ಎಲ್ಲ ಮೀನುಗಳಿಗೂ ಪೆಟ್ಟು ಒಂದೇ ಸಮನಾಗಿ ಬೀಳುವುದಿಲ್ಲ. ಹವಳವನ್ನೇ ತಿನ್ನುವ ಚಿಟ್ಟೆಮೀನುಗಳು ಮೊದಲು ಕಡಿಮೆಯಾಗುತ್ತವೆ. ಸತ್ತ ಹವಳದ ಮೇಲೆ ಪಾಚಿ ಬೆಳೆಯುವುದರಿಂದ ಅದನ್ನು ಮೇಯುವ ಗಿಳಿಮೀನುಗಳು ಕೆಲಕಾಲ ಹೆಚ್ಚಲೂಬಹುದು. ಆದರೆ ಸತ್ತ ಹವಳ ಸವೆದು ಪುಡಿಯಾಗಿ ದಿಬ್ಬ ಚಪ್ಪಟೆಯಾದಾಗ ಸಂದುಗೊಂದುಗಳಲ್ಲಿ ಅಡಗುವ ಮರಿಗಳಿಗೂ ಅವುಗಳನ್ನು ಬೇಟೆಯಾಡುವ ದೊಡ್ಡ ಮೀನುಗಳಿಗೂ ನೆಲೆ ತಪ್ಪುತ್ತದೆ.

ಮೀನುಗಾರಿಕೆ

ದ್ವೀಪವಾಸಿಗಳು ಮುಖ್ಯವಾಗಿ ಹಿಡಿಯುವುದು ತೆರೆದ ಕಡಲಿನ ಟ್ಯೂನಾ. ಮಿನಿಕಾಯ್‌ನಲ್ಲಿ ಮೊದಲಿನಿಂದಲೂ ಇದ್ದ ಗಳ-ಗಾಳದ ವಿಧಾನವನ್ನು ಮೀನುಗಾರಿಕೆ ಇಲಾಖೆ 1960ರ ದಶಕದಲ್ಲಿ ಇತರ ದ್ವೀಪಗಳಿಗೂ ಹಬ್ಬಿಸಿತು. ಲಗೂನಿನಲ್ಲಿ ಹಿಡಿದ ಸಣ್ಣ ಮೀನುಗಳನ್ನು ದೋಣಿಯಲ್ಲೇ ಜೀವಂತ ಇಟ್ಟುಕೊಂಡು, ಟ್ಯೂನಾ ಹಿಂಡು ಕಂಡ ಕಡೆ ಅವನ್ನು ಎರಚಿ, ನೀರು ಚಿಮ್ಮಿಸಿ, ಮುಳ್ಳಿಲ್ಲದ ಕೊಕ್ಕೆಯ ಗಾಳದಿಂದ ಒಂದೊಂದೇ ಟ್ಯೂನಾವನ್ನು ದೋಣಿಗೆ ಎಳೆದುಹಾಕುತ್ತಾರೆ. ಇದರಿಂದ ದಿಬ್ಬದ ದೊಡ್ಡ ಮೀನುಗಳು ಬಹುಮಟ್ಟಿಗೆ ಬಲೆಯಿಂದ ದೂರ ಉಳಿದವು. 1998ರ ಆಘಾತದ ಬಳಿಕ ಪಾಚಿ ಹವಳದ ಜಾಗವನ್ನೆಲ್ಲ ಆಕ್ರಮಿಸದಂತೆ ತಡೆದದ್ದು ಹೀಗೆ ಉಳಿದ ಮೀನುಗಳಲ್ಲಿ ಪಾಚಿ ಮೇಯುವಂಥವೇ. ಗಿಳಿಮೀನು ಕೊಕ್ಕಿನಂತಹ ಹಲ್ಲಿನಿಂದ ಕಲ್ಲನ್ನು ಕೆರೆದಾಗ ಪಾಚಿ ಹೋಗಿ, ಹವಳದ ಹೊಸ ಮರಿಗಳು ಅಂಟಿಕೊಳ್ಳಲು ಜಾಗವಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಮಾರುಕಟ್ಟೆಯ ಬೇಡಿಕೆಯಿಂದ ದಿಬ್ಬದ ಮೀನುಗಳ ಮೇಲೂ ಒತ್ತಡ ಹೆಚ್ಚುತ್ತಿದೆ. ನಮ್ಮ ಕರಾವಳಿಯಲ್ಲಿ ಮುರು ಎನ್ನುವ ಗ್ರೂಪರ್ ಜಾತಿಗಳಿಗೆ ಇದರ ಅಪಾಯ ಹೆಚ್ಚು. ಅವು ನಿಧಾನವಾಗಿ ಬೆಳೆಯುತ್ತವೆ. ಹಲವು ಜಾತಿಗಳಲ್ಲಿ ಹೆಣ್ಣು ದೊಡ್ಡದಾದ ಮೇಲೆ ಗಂಡಾಗುತ್ತದೆ. ಹೀಗಾಗಿ ದೊಡ್ಡವನ್ನೇ ಹಿಡಿದರೆ ಗಂಡುಗಳ ಕೊರತೆ ಬೀಳುತ್ತದೆ. ಬಿತ್ರಾದ ಬಳಿ ಒಂದು ಜಾತಿಯ ಗ್ರೂಪರ್‌ಗಳು ಚಳಿಗಾಲದ ಅಮಾವಾಸ್ಯೆಯ ಆಸುಪಾಸಿನಲ್ಲಿ ಮೊಟ್ಟೆಯಿಡಲು ಗುಂಪುಗೂಡುತ್ತವೆ. ಆ ಕೆಲವೇ ದಿನಗಳ ಮೀನುಗಾರಿಕೆ ವಿಶಾಲ ಪ್ರದೇಶದ ಸಂತತಿಯನ್ನೇ ಅಳಿಸಬಲ್ಲದು.

ನಿರ್ವಹಣೆ

ಹವಳಗಳಿಗೂ ದೈತ್ಯ ಗ್ರೂಪರ್‌ಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಉಳಿದ ಜಾತಿಗಳಿಗೆ ಬೇಕಾದದ್ದು ಮೊಟ್ಟೆಯಿಡುವ ಕಾಲದಲ್ಲಿ ನಿಷೇಧ, ಹಿಡಿಯಬಹುದಾದ ಗಾತ್ರಕ್ಕೆ ಮಿತಿ, ಗಿಳಿಮೀನುಗಳ ರಕ್ಷಣೆ ಮತ್ತು ಗಳ-ಗಾಳದ ಟ್ಯೂನಾ ಕಸುಬಿಗೆ ನ್ಯಾಯವಾದ ಬೆಲೆ. ಇವು ಮೀನುಗಾರರ ಒಪ್ಪಿಗೆಯಿಂದಲೇ ಜಾರಿಯಾಗಬೇಕು. ಕಡಲಿನ ಬಿಸಿಯನ್ನು ತಗ್ಗಿಸುವುದು ದ್ವೀಪವಾಸಿಗಳ ಕೈಯಲ್ಲಿಲ್ಲ. ಅದಕ್ಕೆ ಜಗತ್ತೇ ಇಂಗಾಲದ ಹೊರಸೂಸುವಿಕೆಯನ್ನು ಇಳಿಸಬೇಕು. ಒಂದು ಬಿಸಿಗೂ ಮುಂದಿನದಕ್ಕೂ ನಡುವೆ ದಿಬ್ಬ ಎಷ್ಟು ಚೇತರಿಸಿಕೊಳ್ಳುತ್ತದೆ ಎಂಬುದನ್ನು ಮಾತ್ರ ಅಲ್ಲಿ ಉಳಿದ ಮೀನುಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ.