ಕಿಣ್ವ ಎಂಬ ಹಳೆಯ ಮಾತು

ಬಾದಾಮಿಯ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಹೊತ್ತು ನಿಂತ ಹೆಣ್ಣುಮಕ್ಕಳ ಬಳಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿಯ ಜೊತೆಗೆ ಪುಟ್ಟ ಮಣ್ಣಿನ ಕುಡಿಕೆಗಳಲ್ಲಿ ಗಟ್ಟಿ ಮೊಸರು ಇರುತ್ತದೆ. ಹಾಲನ್ನು ಹಾಗೆ ಮಾಡಿದ ಚೂರು ಹಳೆಯ ಮೊಸರಿಗೆ ನಾವು ಹೆಪ್ಪು ಎನ್ನುತ್ತೇವೆ. ಹಿಟ್ಟು ಉಬ್ಬಿದರೆ ಹುದುಗು ಬಂತು ಎನ್ನುತ್ತೇವೆ. ಮನೆಯಲ್ಲೇ ಇಂಥ ಎರಡು ಮಾತುಗಳಿದ್ದರೂ ಕನ್ನಡದ ವಿಜ್ಞಾನ ಪುಸ್ತಕಗಳು ‘ಎಂಜೈಮ್’ಗೆ ಕಿಣ್ವ ಎಂಬ ಸಂಸ್ಕೃತ ಪದವನ್ನು ಆರಿಸಿಕೊಂಡವು. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಮಕ್ಕಳಿಗೆ ಅದು ಮೊನ್ನೆ ಮೊನ್ನೆ ಕಟ್ಟಿದ ಪಾರಿಭಾಷಿಕ ಪದದಂತೆ ಕೇಳಿಸುತ್ತದೆ. ನಿಜದಲ್ಲಿ ಅದು ಹೆಂಡದ ಮಡಕೆಯಲ್ಲಿ ಹುಟ್ಟಿ, ಕಾನೂನನ್ನೂ ದರ್ಶನವನ್ನೂ ಹಾದು, ಜೀವಕೋಶದೊಳಗೆ ಬಂದು ನೆಲೆಸಿದ ಮಾತು.

ಕಿಣ್ವ ಎಂದರೆ ಮೂಲದಲ್ಲಿ ಮದ್ಯ ಕಾಯಿಸುವವರು ಬಳಸುತ್ತಿದ್ದ ಹುದುಗು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಸುರಾಧ್ಯಕ್ಷನ ಕೆಲಸ ವಿವರಿಸುವ ಭಾಗದಲ್ಲಿ, ಅದನ್ನು ಮಾಡುವ ಬಗೆಯೇ ಇದೆ: ಹಸಿಯದೋ ಬೇಯಿಸಿದ್ದೋ ಉದ್ದಿನ ಹಿಟ್ಟು, ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಅಕ್ಕಿ, ಮೇಲೆ ಒಂದಿಷ್ಟು ಗಿಡಮೂಲಿಕೆ. ನಾವಿಂದು ಇಡ್ಲಿಗೆ ನೆನೆಹಾಕುವ ಉದ್ದು, ಅಕ್ಕಿಗಳೇ ಅಲ್ಲಿವೆ. ಕಿಣ್ವ ಆಯುವ ಕೆಲಸವನ್ನು ಆ ಗ್ರಂಥ ಹೆಂಗಸರಿಗೂ ಮಕ್ಕಳಿಗೂ ಒಪ್ಪಿಸುತ್ತದೆ. ಅಮರಕೋಶ ಇದಕ್ಕೆ ‘ನಗ್ನಹು’ ಎಂಬ ಇನ್ನೊಂದು ಹೆಸರು ಹೇಳುತ್ತದೆ.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಕಳವಿನ ದಂಡದ ಪಟ್ಟಿಯೊಂದಿದೆ. ಅದು ಶುರುವಾಗುವುದೇ ನೂಲು, ಹತ್ತಿ, ಕಿಣ್ವ ಎಂದು. ಬೆಲ್ಲ, ಮೊಸರು, ಹಾಲು, ಮಜ್ಜಿಗೆ ಆಮೇಲೆ ಬರುತ್ತವೆ. ಕದ್ದವನು ಅದರ ಬೆಲೆಯ ಎರಡು ಪಟ್ಟು ತೆರಬೇಕು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಇಳಕಲ್ಲಿನ ನೇಕಾರರಿಗೆ ನೂಲು ಎಷ್ಟು ಮುಖ್ಯವೋ, ಆ ಕಾಲದ ಮದ್ಯದವರಿಗೆ ಕಿಣ್ವ ಅಷ್ಟೇ ಮುಖ್ಯವಾಗಿತ್ತು ಎಂಬುದಕ್ಕೆ ಈ ಸಾಲೇ ಸಾಕ್ಷಿ. ಬೆಲೆ ಕಟ್ಟುವ, ಕದಿಯಬಹುದಾದ, ಕಳೆದರೆ ಕಸುಬು ನಿಲ್ಲುವ ವಸ್ತು ಅದು. ಇದೇ ಪದಕ್ಕೆ ಸಂಸ್ಕೃತ ನಿಘಂಟುಗಳು ‘ಪಾಪ’ ಎಂಬ ಅರ್ಥವನ್ನೂ ಕೊಡುತ್ತವೆ. ಉಪಕಾರ ಮತ್ತು ಕೇಡು ಎರಡನ್ನೂ ಈ ಮಾತು ಆಗಲೇ ಹೊತ್ತಿತ್ತು.

ಮಡಕೆಯಿಂದ ಅದು ವಾದದ ಜಗಲಿಗೂ ಏರಿತು. ವಿಜಯನಗರ ಕಾಲದ, 14ನೇ ಶತಮಾನದ ಸರ್ವದರ್ಶನಸಂಗ್ರಹದಲ್ಲಿ ಚಾರ್ವಾಕರ ವಾದ ಬರುತ್ತದೆ. ಕಿಣ್ವ ಮೊದಲಾದವು ಬೆರೆತಾಗ ಯಾವೊಂದರಲ್ಲೂ ಬಿಡಿಯಾಗಿ ಇರದ ಅಮಲು ಹುಟ್ಟುತ್ತದೆ. ಹಾಗೆಯೇ ಮಣ್ಣು, ನೀರು, ಬೆಂಕಿ, ಗಾಳಿ ಕೂಡಿದಾಗ ದೇಹದಲ್ಲಿ ಚೈತನ್ಯ ಹುಟ್ಟುತ್ತದೆ, ಅದಕ್ಕೆ ಬೇರೆ ಆತ್ಮ ಬೇಕಿಲ್ಲ ಎಂಬುದು ಅವರ ನಿಲುವು. ಜೀವವನ್ನು ವಸ್ತುವಿನಿಂದಲೇ ವಿವರಿಸಬಹುದೇ ಎಂಬ ಪ್ರಶ್ನೆಗೆ ಅವರು ಹಿಡಿದ ಉದಾಹರಣೆ ಕಿಣ್ವ.

ಅದೇ ಪ್ರಶ್ನೆ 19ನೇ ಶತಮಾನದ ಯುರೋಪಿನಲ್ಲಿ ಮತ್ತೆ ಎದ್ದಿತು, ಅದೂ ಹುದುಗಿನ ಸುತ್ತಲೇ. ಜೀವಂತ ಯೀಸ್ಟ್ ಇಲ್ಲದೆ ಸಕ್ಕರೆ ಮದ್ಯವಾಗದು ಎಂದು ಲೂಯಿ ಪಾಶ್ಚರ್ ಹೇಳಿದ್ದರು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು, ಹಿಂಡಿ, ಒಂದೂ ಜೀವಂತ ಕೋಶವಿಲ್ಲದ ರಸದಿಂದಲೇ ಸಕ್ಕರೆಯನ್ನು ಹುದುಗಿಸಿ ತೋರಿಸಿದರು. 1907ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮುಂಚೆ, 1870ರ ದಶಕದಲ್ಲಿ, ವಿಲ್ಹೆಲ್ಮ್ ಕ್ಯೂನೆ ಗ್ರೀಕಿನಿಂದ ‘ಎಂಜೈಮ್’ ಎಂಬ ಪದ ಕಟ್ಟಿದ್ದರು. ಅದರ ಅರ್ಥ ‘ಹುದುಗಿನೊಳಗಿನದು’. ಹಾಗಾಗಿ ಕಿಣ್ವವನ್ನು ಆರಿಸಿದ ಕನ್ನಡ ವಿದ್ವಾಂಸರು ಗ್ರೀಕರ ಮಡಕೆಗೆ ಸರಿಯಾಗಿ ನಮ್ಮ ಮಡಕೆಯನ್ನೇ ತಂದಿಟ್ಟಂತಾಯಿತು. ಹಿಂದಿಯಲ್ಲಿ ‘ಕಿಣ್ವನ್’ ಎಂದರೆ ಹುದುಗುವಿಕೆ. ಕನ್ನಡ ಹುದುಗುವ ಕೆಲಸವನ್ನು ಹುದುಗಿಗೇ ಬಿಟ್ಟು, ಆ ಕೆಲಸ ಮಾಡಿಸುವ ಪ್ರೋಟೀನಿಗೆ ಮಾತ್ರ ಕಿಣ್ವವನ್ನು ಮೀಸಲಿಟ್ಟಿತು. ಈ ವಿಂಗಡಣೆ ಬಹಳ ಅಚ್ಚುಕಟ್ಟಾದದ್ದು.

ಕಿಣ್ವಗಳ ಒಂದು ದೊಡ್ಡ ಬಳಗದ ಕೆಲಸ ಆಮ್ಲಜನಕದ ಜೊತೆಗಿನ ವ್ಯವಹಾರ. ಬಾದಾಮಿ, ಇಳಕಲ್ಲಿನ ಈ ಸೀಮೆಯವರಿಗೆ ಆ ವ್ಯವಹಾರ ಹೊಸದಲ್ಲ. ಬಾದಾಮಿಯ ಮರಳುಗಲ್ಲು ಕೆಂಪಗಿರುವುದು ಅದರೊಳಗಿನ ಕಬ್ಬಿಣ ಆಮ್ಲಜನಕದೊಡನೆ ಕೂಡಿದ್ದರಿಂದ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯನ್ನು ಚಾಲುಕ್ಯರು ಕೊರೆದದ್ದು ಅಂಥ ಕಲ್ಲಿನಲ್ಲಿ. ಕಬ್ಬಿಣಕ್ಕೆ ಜಂಗು ಹಿಡಿಯುವುದೂ ಅದೇ ಕೂಡಿಕೆಯಿಂದ. ಹೆಚ್ಚಿದ ಬದನೆಕಾಯಿ ಕಪ್ಪಾಗುವುದೂ ಅಷ್ಟೇ, ಆದರೆ ಅಲ್ಲಿ ಕೂಡಿಸುವುದು ಕಾಯಿಯದೇ ಕಿಣ್ವ; ಅದಕ್ಕೇ ಉಪ್ಪುನೀರಿನಲ್ಲಿ ಹಾಕುವುದು. ಇನ್ನು ನೀಲಗಾರರ ಹಂಡೆ. ಬಣ್ಣ ಹಾಕುವ ಕಸುಬೇ ಹೆಸರಾದ ಮನೆತನಗಳು ಈ ಭಾಗದಲ್ಲಿವೆ. ಗಿಡದ ನೀಲಿ ನೀರಿನಲ್ಲಿ ಕರಗದು. ಹಂಡೆಯನ್ನು ಹುದುಗಲು ಬಿಟ್ಟರೆ ಸೂಕ್ಷ್ಮಜೀವಿಗಳು ತಮ್ಮ ಕಿಣ್ವಗಳಿಂದ ಅದಕ್ಕೆ ಎಲೆಕ್ಟ್ರಾನುಗಳನ್ನು ದಾಟಿಸುತ್ತವೆ. ಆಗ ನೀಲಿ ತನ್ನ ಬಣ್ಣ ಕಳೆದುಕೊಂಡು ಹಳದಿ-ಹಸಿರಾಗಿ ಕರಗುತ್ತದೆ. ಅದ್ದಿದ ನೂಲನ್ನು ಮೇಲೆತ್ತಿದೊಡನೆ ಗಾಳಿಯ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ, ನೂಲು ಕಣ್ಣೆದುರೇ ನೀಲಿಯಾಗುತ್ತದೆ.

1902ರಲ್ಲಿ ಫ್ರಾಂಜ್ ಶಾರ್ಡಿಂಗರ್ ಹಾಲಿನಲ್ಲಿ ಕಂಡದ್ದು ಇದೇ ರಸಾಯನವನ್ನು. ಹಸಿ ಹಾಲಿಗೆ ಮೆಥಿಲೀನ್ ನೀಲಿಯನ್ನೂ ಫಾರ್ಮಾಲ್ಡಿಹೈಡನ್ನೂ ಬೆರೆಸಿದರೆ ನೀಲಿ ಮಾಯವಾಯಿತು. ಕಾಯಿಸಿದ ಹಾಲಿನಲ್ಲಿ ಉಳಿಯಿತು. ಕಾಯಿಸಿದಾಗ ಸತ್ತದ್ದು ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ. ನಮ್ಮ ಯಕೃತ್ತಿನಲ್ಲೂ ಕರುಳಿನಲ್ಲೂ ಅದು ಇದೆ. ದೇಹದ ಸವೆದ ಪ್ಯೂರೀನುಗಳನ್ನು ಯೂರಿಕ್ ಆಮ್ಲವಾಗಿಸಿ ಹೊರಗೆ ಸಾಗಿಸುವುದು ಅದರ ಕೆಲಸ. ಕೀಲುಗಳಲ್ಲಿ ಆ ಆಮ್ಲ ಹರಳುಗಟ್ಟಿ ಗೌಟ್ ಆದವರಿಗೆ ಕೊಡುವ ಅಲೋಪ್ಯೂರಿನಾಲ್ ತಡೆಯುವುದು ಈ ಕಿಣ್ವವನ್ನೇ.

ಅಂಗವೊಂದಕ್ಕೆ ರಕ್ತ ನಿಂತಾಗ ಇದರ ಇನ್ನೊಂದು ಮುಖ ಕಾಣುತ್ತದೆ. ಕೋಶದ ಶಕ್ತಿದ್ರವ್ಯ ಎಟಿಪಿ ಒಡೆಯುತ್ತ ಹೋಗಿ ಹೈಪೋಕ್ಸಾಂಥೀನ್ ಗುಡ್ಡೆಯಾಗುತ್ತದೆ. ಈ ನಡುವೆ ಕಿಣ್ವವೂ ರೂಪ ಬದಲಿಸಿ, ಎಲೆಕ್ಟ್ರಾನುಗಳನ್ನು ನೇರವಾಗಿ ಆಮ್ಲಜನಕಕ್ಕೆ ಕೊಡುವಂಥದ್ದಾಗುತ್ತದೆ. ವೈದ್ಯರು ನಾಳ ತೆರೆದು ರಕ್ತ ಹರಿಸಿದಾಗ, ಜೀವ ಉಳಿಸಲು ಬಂದ ಆಮ್ಲಜನಕ ಸೂಪರಾಕ್ಸೈಡ್ ಆಗಿ, ಹೈಡ್ರೋಜನ್ ಪೆರಾಕ್ಸೈಡ್ ಆಗಿ, ಕೋಶದ ಪೊರೆಯನ್ನೂ ಪ್ರೋಟೀನನ್ನೂ ಡಿಎನ್‌ಎಯನ್ನೂ ಸುಡುತ್ತದೆ. ಇಂಥ ದಾಳಿ ಕೋಶದ ತಡೆಯನ್ನು ಮೀರಿದ ಸ್ಥಿತಿಗೆ 1985ರಲ್ಲಿ ಹೆಲ್ಮುಟ್ ಸೀಸ್ ಕೊಟ್ಟ ವ್ಯಾಖ್ಯೆಯಿಂದ ‘ಉತ್ಕರ್ಷಣ ಒತ್ತಡ’ ಎಂಬ ಮಾತು ನೆಲೆಗೊಂಡಿತು.

ಆ ತಡೆಯೂ ಕಿಣ್ವವೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಹಾಲಿನ ಕ್ಸಾಂಥೀನ್ ಆಕ್ಸಿಡೇಸನ್ನು ಪರಿಶೀಲಿಸುತ್ತಿದ್ದರು. ಅದು ಹುಟ್ಟಿಸುವ ಸೂಪರಾಕ್ಸೈಡನ್ನು ಅಳಿಸುವ ಪ್ರೋಟೀನೊಂದು ಅವರಿಗೆ ಹಸುವಿನ ರಕ್ತದಲ್ಲಿ ಸಿಕ್ಕಿತು. 1969ರಲ್ಲಿ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದರು. ಆ ತಾಮ್ರದ ಪ್ರೋಟೀನನ್ನು 1938ರಲ್ಲೇ ಮ್ಯಾನ್ ಮತ್ತು ಕೀಲಿನ್ ಬೇರ್ಪಡಿಸಿದ್ದರು, ಆದರೆ ಅದರ ಕೆಲಸ ಮಾತ್ರ ಮೂವತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ. ಹಾನಿ ಮಾಡುವ ಕಿಣ್ವದ ಬೆನ್ನುಹತ್ತಿ ಹೋದವರಿಗೆ ಕಾಯುವ ಕಿಣ್ವ ಸಿಕ್ಕಿತು. ಉಳಿದ ಪೆರಾಕ್ಸೈಡನ್ನು ನೀರು, ಆಮ್ಲಜನಕಗಳಾಗಿ ಒಡೆಯಲು ಕ್ಯಾಟಲೇಸ್ ಇದೆ.

ಹಾಗೆಂದು ಒಂದನ್ನು ಕೆಟ್ಟದ್ದು, ಇನ್ನೊಂದನ್ನು ಒಳ್ಳೆಯದು ಎಂದು ಹಣೆಪಟ್ಟಿ ಹಚ್ಚಲಾಗದು. ನಮ್ಮ ಬಿಳಿ ರಕ್ತಕಣಗಳು ಬೇಕೆಂದೇ ಒಂದು ಕಿಣ್ವದಿಂದ ಸೂಪರಾಕ್ಸೈಡ್ ಹುಟ್ಟಿಸಿ ರೋಗಾಣುಗಳನ್ನು ಕೊಲ್ಲುತ್ತವೆ; ಆ ಕಿಣ್ವ ಹುಟ್ಟಿನಿಂದಲೇ ಕೆಟ್ಟ ಮಕ್ಕಳಿಗೆ ಸೋಂಕಿನ ಮೇಲೆ ಸೋಂಕು. ಧೂಮಪಾನಿಗಳಿಗೆ ಬೀಟಾ ಕ್ಯಾರೋಟಿನ್ ಮಾತ್ರೆ ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ, 1994 ಮತ್ತು 1996ರಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಏರಿದ್ದು ಕಂಡಿತು. ಹೃದ್ರೋಗವಿರುವ ಐದು ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಲೋಪ್ಯೂರಿನಾಲ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು: ಹೃದಯಕ್ಕೆ ಅದರಿಂದ ಲಾಭ ಕಾಣಲಿಲ್ಲ. ‘ಆಂಟಿಆಕ್ಸಿಡೆಂಟ್’ ಎಂದು ಬರೆದ ಡಬ್ಬಿಗೆ ಇಳಕಲ್ಲಿನ ನೇಕಾರನೋ ಹುನಗುಂದದ ರೈತನೋ ದುಡಿದ ಹಣ ಸುರಿಯುವ ಮುಂಚೆ ಇಷ್ಟು ತಿಳಿದಿರಬೇಕು.

ಅದಕ್ಕಾಗಿ ಕಿಣ್ವವನ್ನು ಅದರ ಪೂರ್ವಕಥೆಯೊಂದಿಗೇ ಕಲಿಸಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಕಿಣ್ವ ಅತಿಯಾದರೆ, ಹೊತ್ತು ಮೀರಿದರೆ ಮಡಕೆ ಕೆಡುತ್ತದೆಂದು ಉದ್ದು, ಅಕ್ಕಿ ಕಲಸುತ್ತಿದ್ದವರಿಗೆ ಗೊತ್ತಿತ್ತು. ಬಾಗಲಕೋಟೆಯ ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ಜೀವರಸಾಯನ ಪಾಠದಲ್ಲಿ ಇರುವುದೂ ಅದೇ ವಿವೇಚನೆ: ಯಾವ ಕಿಣ್ವ, ಯಾವ ಅಂಗದಲ್ಲಿ, ಎಷ್ಟು, ಯಾವ ಗಳಿಗೆಯಲ್ಲಿ. ಈ ನಾಲ್ಕನ್ನು ಕೇಳದೆ ಅದನ್ನು ಹೊಗಳುವುದೂ ತಪ್ಪು, ಬಯ್ಯುವುದೂ ತಪ್ಪು.